ಗಡಿಗೆ ಒಡೆಯುತ್ತದೆ, ಹಗ್ಗ ಹರಿಯುತ್ತದೆ

ಮಾಸ್ತರರಿಗೆ ನಮಸ್ಕಾರ.

‘ನಾಶ ಸೂಚಿಸುವ ಇಂಗ್ಲಿಷ್ ಕ್ರಿಯಾಪದಗಳು’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಹಾಕಲಾರೆ. ಕಾರಣ ಹೇಳದೆ ವಾಪಸ್ ಕಳಿಸಿದರೆ ನೀವು ಪಟ್ಟ ಶ್ರಮಕ್ಕೆ ಮರ್ಯಾದೆ ಕೊಟ್ಟಂತಾಗುವುದಿಲ್ಲ, ಅದಕ್ಕೇ ಈ ಪತ್ರ.

ನೀವು ಕೊಟ್ಟ ಕ್ರಿಯಾಪದಗಳು 32. ಅವುಗಳಲ್ಲಿ 26ರ ಮುಂದೆ ‘ನಾಶಮಾಡು’ ಎಂದಿದೆ. ಉಳಿದ ಆರಕ್ಕೆ ‘ಸಂಪೂರ್ಣವಾಗಿ ನಾಶಮಾಡು’. ಇದನ್ನು ಓದಿದ ಹುಡುಗ 32 ಶಬ್ದ ಬಾಯಿಪಾಠ ಮಾಡಿಯಾನು, ಒಂದನ್ನೂ ಬಳಸಲಾರ.

ನಿಮ್ಮ ಮನೆಯಲ್ಲಿ ಗಡಿಗೆ ಒಡೆಯುತ್ತದೆ, ಕೋಲು ಮುರಿಯುತ್ತದೆ, ಹಗ್ಗ ಹರಿಯುತ್ತದೆ, ಅನ್ನ ಹಳಸುತ್ತದೆ. ಗಡಿಗೆ ಹರಿಯಿತು ಅಂತ ಮೂರು ವರ್ಷದ ಕೂಸೂ ಅನ್ನುವುದಿಲ್ಲ. ಗಡಿಗೆ, ಕೋಲು, ಹಗ್ಗ ಮೂರಕ್ಕೂ ‘ಬ್ರೇಕ್’ ಅಂದುಬಿಡುವ ಇಂಗ್ಲಿಷಿನವರು ನಮ್ಮ ಕನ್ನಡ ಕಲಿಯುವಾಗ ಒದ್ದಾಡುವುದು ಇಲ್ಲೇ. ಯಾವ ವಸ್ತುವಿಗೆ ಯಾವ ಕ್ರಿಯಾಪದ ಅನ್ನುವುದು ನಿಮಗೆ ಹುಟ್ಟಿನಿಂದ ಗೊತ್ತು. ಆ ಕಿವಿಯನ್ನು ಇಂಗ್ಲಿಷಿನ ಕಡೆ ತಿರುಗಿಸುವ ಬದಲು ನಿಘಂಟು ತೆಗೆದು ಕೂತಿರಿ.

‘ರುಯಿನ್’ ಮತ್ತು ‘ಡೆಸ್ಟ್ರಾಯ್’ ನೋಡಿ. ಕಣದಲ್ಲಿ ಹರವಿದ ಮೆಣಸಿನಕಾಯಿ ಅಕಾಲದ ಮಳೆಗೆ ನೆನೆಯಿತು. ಕಾಯಿ ಅಲ್ಲೇ ಇದೆ, ಬಣ್ಣ ಹೋಗಿದೆ, ಮಾರುಕಟ್ಟೆಯಲ್ಲಿ ಕೇಳುವವರಿಲ್ಲ. ಅದು ರುಯಿನ್. ಅದೇ ರಾಶಿಗೆ ಬೆಂಕಿ ಬಿದ್ದು ಬೂದಿಯಾದರೆ ಡೆಸ್ಟ್ರಾಯ್. ಹಸಿವು, ಹೆಸರು, ಹಬ್ಬ, ಹೊಸ ಅಂಗಿ ಎಲ್ಲವೂ ರುಯಿನ್ ಆಗಬಹುದು. ವಸ್ತು ಉಳಿದು ಅದರ ಉಪಯೋಗವೋ ಚೆಂದವೋ ಹೋಗಿರುತ್ತದೆ. ನಮ್ಮ ‘ಕೆಡಿಸು’ ಇದಕ್ಕೆ ತೀರ ಹತ್ತಿರ. ನೀವು ಎರಡಕ್ಕೂ ‘ನಾಶಮಾಡು’ ಬರೆದು ಕೈತೊಳೆದುಕೊಂಡಿದ್ದೀರಿ. ಇನ್ನು ಮಳೆಗಾಳಿಗೆ ನೆಲ್ಲು ಮಲಗಿತು ಅನ್ನುತ್ತೀವಲ್ಲ, ಅದಕ್ಕೆ ಅವರಲ್ಲಿ ‘ಫ್ಲ್ಯಾಟನ್’ ಇದೆ. ಗಂಗಾವತಿ ಸೀಮೆಯವರಾಗಿ ಅದನ್ನು ಬಿಟ್ಟಿರಲ್ಲ!

‘ಟಿ.ಬಿ. ಡ್ಯಾಮ್ ವಾಸ್ ಡೆಸ್ಟ್ರಾಯ್ಡ್ ಇನ್ 2024’ ಅನ್ನುವ ನಿಮ್ಮ ವಾಕ್ಯ ಅಚ್ಚಾಗಿದ್ದರೆ ತುಂಗಭದ್ರಾ ಅಣೆಕಟ್ಟಿನ ಪಕ್ಕದ ಮುನಿರಾಬಾದಿನಿಂದ ನನಗೆ ಫೋನಿನ ಮೇಲೆ ಫೋನು ಬರುತ್ತಿತ್ತು. ಆ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ ಕೊಚ್ಚಿಹೋದದ್ದು 33 ಗೇಟುಗಳಲ್ಲಿ ಒಂದು, 19ನೆಯದು. ವಾರದ ಹೊತ್ತಿಗೆ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಅಡ್ಡತಡೆ ಇಳಿಸಿ ನೀರು ತಡೆದರು. ಗೇಟಿಗೆ ‘ವಾಶ್ಡ್ ಅವೇ’ ಅನ್ನಿ, ಅಣೆಕಟ್ಟಿಗೆ ‘ಡ್ಯಾಮೇಜ್’ ಅನ್ನಿ. ಡ್ಯಾಮೇಜ್ ಆದದ್ದನ್ನು ರಿಪೇರಿ ಮಾಡಬಹುದು. ಡೆಸ್ಟ್ರಾಯ್ ಆದ ಮೇಲೆ ಹೊಸದಾಗಿ ಕಟ್ಟಬೇಕು. ‘ಸಂಪೂರ್ಣ’ ಅನ್ನುವುದು ಆ ಶಬ್ದದ ಹೊಟ್ಟೆಯಲ್ಲೇ ಇದೆ, ಮೇಲೆ ಇನ್ನೊಂದು ‘ಕಂಪ್ಲೀಟ್ಲಿ’ ಹೇರಬೇಡಿ.

1565ರ ನಂತರದ ವಿಜಯನಗರಕ್ಕೂ ಅದೇ ಡೆಸ್ಟ್ರಾಯ್ ಹಾಕಿದ್ದೀರಿ. ತಪ್ಪಲ್ಲ. ಆದರೆ ಗೆದ್ದ ಸೈನ್ಯ ಊರು ಹೊಕ್ಕು ಲೂಟಿ ಮಾಡುವುದಕ್ಕೇ ಇಂಗ್ಲಿಷಿನಲ್ಲಿ ‘ಸ್ಯಾಕ್’ ಎಂಬ ಕ್ರಿಯಾಪದ ಉಂಟು. ಸಿಕ್ಕಿದ್ದನ್ನು ಚೀಲಕ್ಕೆ ತುಂಬು ಅನ್ನುವ ಫ್ರೆಂಚ್ ಮಾತಿನಿಂದ ಬಂದದ್ದು. ನಮ್ಮ ‘ಸೂರೆ’. ಅದು ನಿಮ್ಮ 32ರಲ್ಲಿ ಇಲ್ಲವೇ ಇಲ್ಲ, ಆನೆಗೊಂದಿಯಿಂದ ಹೊಳೆ ದಾಟಿದರೆ ಹಂಪಿ!

‘ಡೆಮಾಲಿಶ್’ ಬಗ್ಗೆ ಒಂದೇ ಸಾಲು ಬರೆದಿದ್ದೀರಿ, ನನಗೆ ಅತಿ ಹೆಚ್ಚು ಆಸೆ ಹುಟ್ಟಿಸಿದ ಸಾಲು ಅದೇ. ಸಾಮಾನ್ಯವಾಗಿ ಅದು ಕಟ್ಟಡದ ಶಬ್ದ, ಬೇಕೆಂದೇ ಕೆಡವುವುದು. ರಸ್ತೆ ಅಗಲ ಮಾಡುವಾಗ ಗೋಡೆಗೆ ಕೆಂಪು ಗುರುತು ಹಾಕಿ ಹೋಗುತ್ತಾರಲ್ಲ, ಆ ಕಚೇರಿಯ ಇಂಗ್ಲಿಷ್ ಕಾಗದದಲ್ಲಿ ಇರುವುದು ಡೆಮಾಲಿಶ್. ಮನೆ ಕಳೆದುಕೊಂಡವನು ಅದೇ ಇಂಗ್ಲಿಷಿನಲ್ಲಿ ದೂರು ಬರೆದರೆ ಡೆಸ್ಟ್ರಾಯ್ ಅಂತಾನೆ. ಕನ್ನಡದಲ್ಲೂ ಹಾಗೇ: ಕಚೇರಿ ‘ತೆರವು’ ಅನ್ನುತ್ತದೆ, ಮುದುಕಿ ‘ನನ್ನ ಮನಿ ಕೆಡವಿದ್ರೋ’ ಅಂತಾಳೆ. ಜೆಸಿಬಿ ಒಂದೇ, ಗೋಡೆ ಒಂದೇ. ಇದರ ಮೇಲೆ ಎರಡು ಪುಟ ಬರೆಯಿರಿ, ನಾನು ಒಂದಕ್ಷರ ಕಡಿಯುವುದಿಲ್ಲ.

‘ರೇಜ್’ ವಿಷಯದಲ್ಲಿ ಕನ್ನಡ ಲಿಪಿ ನಿಮಗೆ ಮೋಸ ಮಾಡಿದೆ. ನೆಲಸಮ ಮಾಡುವುದಕ್ಕೂ (raze) ಮೇಲೆತ್ತುವುದಕ್ಕೂ (raise) ಉಚ್ಚಾರ ಒಂದೇ, ಇಂಗ್ಲಿಷಿನಲ್ಲಿ ಕಾಗುಣಿತ ಮಾತ್ರ ಬೇರೆ. ನಿಮ್ಮ ಉದಾಹರಣೆಯಲ್ಲಿ ಊರವರು ಸೇರಿ ಶಾಲೆಯ ಗೋಡೆಯನ್ನು ರೇಜ್ ಮಾಡಿ ಮೇಲೆ ತಗಡು ಹೊದಿಸುತ್ತಾರೆ! ಬೇಕಾದದ್ದು ಕೆರೆಯುವುದು, ಬೋಳಿಸುವುದು ಅನ್ನುವ ಲ್ಯಾಟಿನ್ ಮೂಲದ್ದು. ಕ್ಷೌರದ ‘ರೇಜರ್’ ಅದರ ಬಳಗ. ಕಟ್ಟಡ ಹೋಗಿ ನೆಲ ಬೋಳಾಗಬೇಕು.

‘ಡೆಸಿಮೇಟ್’ ಎಂದರೆ ಸಂಪೂರ್ಣ ನಾಶವಲ್ಲ. ರೋಮನ್ ಸೈನ್ಯದಲ್ಲಿ ಶಿಕ್ಷೆಗಾಗಿ ಚೀಟಿ ಎತ್ತಿ ಹತ್ತರಲ್ಲಿ ಒಬ್ಬನನ್ನು ಕೊಲ್ಲಿಸುತ್ತಿದ್ದರು, ಕೊಲ್ಲಬೇಕಾದವರು ಉಳಿದ ಒಂಬತ್ತು ಮಂದಿ ಜೊತೆಗಾರರೇ. ಈಗ ಅದು ‘ಬಹುಪಾಲು ಅಳಿಸು’ ಎಂಬರ್ಥಕ್ಕೆ ಬಂದು ನಿಂತಿದೆ. ಹತ್ತನೇ ಒಂದು ಪಾಲೇ ಇರಬೇಕೆಂದು ಹಟ ಹಿಡಿಯುವವರು ಇನ್ನೂ ಇದ್ದಾರೆ, ಅವರ ಜೊತೆ ಸೇರಬೇಡಿ. ಯಾರಾದರೂ ಉಳಿದಿರಬೇಕು ಅನ್ನುವುದಷ್ಟೇ ಸಾಕು. ‘ರೆಕ್’ಗೆ ವಾಹನ, ಹಡಗು, ಮದುವೆ, ‘ಡಿಸ್‌ಮ್ಯಾಂಟಲ್’ಗೆ ಪೆಂಡಾಲು, ಯಂತ್ರ, ‘ಡೆವಸ್ಟೇಟ್’ಗೆ ಸೀಮೆ, ಇಲ್ಲವೆ ಸುದ್ದಿ ಕೇಳಿ ಕುಸಿದ ಮನಸ್ಸು. ಉಳಿದವನ್ನು ಧಾರಾಳವಾಗಿ ಹೊಡೆದುಹಾಕಿ.

ಹತ್ತು ಶಬ್ದ ಸಾಕು, ಎರಡು ಸಾವಿರ ಪದ ಮೀರದಿರಲಿ. ಶೀರ್ಷಿಕೆ ಆಮೇಲೆ ನೋಡೋಣ.

ಕೊನೆಯ ಪುಟದಲ್ಲಿ ‘ಮಕ್ಕಳು ಮಾಡುವ ತಪ್ಪುಗಳು’ ಅಂತ ಕೊಟ್ಟಿದ್ದೀರಿ. ಅದರಲ್ಲಿ ನಿಮ್ಮ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ, ಅಣ್ಣ ಒಗ್ಗರಣಿ ಜೊತೆ ಹತ್ತು ಮಿರ್ಚಿಯನ್ನು ‘ಡೆಮಾಲಿಶ್ಡ್’ ಅಂತ ಬರೆದದ್ದಕ್ಕೆ ಕೆಂಪು ಗೆರೆ ಎಳೆದಿದ್ದೀರಿ. ನಾವು ಮಿರ್ಚಿ ‘ಹೊಡೆದ’ ಅನ್ನುವುದಿಲ್ಲವೇ? ಇಂಗ್ಲಿಷಿನವರು ಊಟವನ್ನು ಡೆಮಾಲಿಶ್ ಮಾಡುತ್ತಾರೆ, ಮಾಸ್ತರೇ. ಹುಡುಗನ ಅಂಕ ವಾಪಸ್ ಕೊಡಿ.