ಹಲವು ಭಾಷೆ, ಹಲವು ಧರ್ಮದ ಮಕ್ಕಳಿರುವ ತರಗತಿಯಲ್ಲಿ ಪೌರತ್ವವನ್ನು ಕಲಿಸುವುದು ಹೇಗೆ?

ನೀವು ಹೊಸದಾಗಿ ಸಮಾಜ ವಿಜ್ಞಾನ ಶಿಕ್ಷಕರಾಗಿ ಸೇರಿದ್ದೀರಿ, ನಿಮ್ಮ ಎಂಟನೇ ತರಗತಿಯಲ್ಲಿ ಆರು ಮನೆಮಾತಿನ ಮಕ್ಕಳಿದ್ದಾರೆ, ಮೂಲಭೂತ ಹಕ್ಕು ಮತ್ತು ಕರ್ತವ್ಯಗಳನ್ನು ಎಲ್ಲರೂ ತಪ್ಪಿಲ್ಲದೆ ಒಪ್ಪಿಸುತ್ತಾರೆ, ಆದರೆ ಬಿಸಿಯೂಟಕ್ಕೆ ಕೂರುವಾಗ ತಮ್ಮ ತಮ್ಮ ಭಾಷೆಯವರ ಜೊತೆ ಬೇರೆ ಬೇರೆ ಸಾಲಾಗುತ್ತಾರೆ ಎಂದು ಬರೆದಿದ್ದೀರಿ. ಪಾಠವನ್ನು ಬದುಕಿಗೆ ತರುವುದು ಹೇಗೆ, ತರಲು ಹೋದರೆ ಶಾಲೆಯಲ್ಲಿ ರಾಜಕೀಯ ಮಾಡುತ್ತಿದ್ದೀರಿ ಎಂಬ ಮಾತು ಬಾರದೇ ಎಂಬುದು ನಿಮ್ಮ ಪ್ರಶ್ನೆ. ನಾನು ಇಪ್ಪತ್ತೆರಡು ವರ್ಷಗಳಿಂದ ಇದೇ ವಿಷಯವನ್ನು ಕಲಿಸುತ್ತಿದ್ದೇನೆ. ಈಗ ಇರುವುದು ಬೆಂಗಳೂರಿನ ಹೊರವಲಯದ, ಇನ್ನೂ ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲೇ ಉಳಿದಿರುವ ಒಂದು ಊರಿನ ಸರಕಾರಿ ಪ್ರೌಢಶಾಲೆಯಲ್ಲಿ.

ಮಕ್ಕಳಿಗೆ ಒಂದು ನಿಜವಾದ ಸಾರ್ವಜನಿಕ ಕೆಲಸವನ್ನು ಕೊಡಿ. ಅದರ ಇನ್ನೊಂದು ತುದಿಯಲ್ಲಿ ನಿಜವಾದ ಒಂದು ಕಚೇರಿ ಇರಲಿ, ಮತ್ತು ನಿಮ್ಮ ತರಗತಿಯ ಎಲ್ಲ ಬಗೆಯ ಮಕ್ಕಳೂ ಕೈಹಾಕದೆ ಆ ಕೆಲಸ ಮುಗಿಯದಂತಿರಲಿ. ನಾನು ಹೇಳಬೇಕಾದದ್ದು ಇಷ್ಟೇ. ಆದರೆ ಇದು ನನಗೆ ತಿಳಿಯಲು ಬಹಳ ವರ್ಷ ಹಿಡಿಯಿತು.

ಮೊದಲು ನಾನೂ ಎಲ್ಲರಂತೆ ವೇಷಭೂಷಣ ಹಾಕಿಸುತ್ತಿದ್ದೆ. ರಾಜ್ಯೋತ್ಸವಕ್ಕೋ ಗಣರಾಜ್ಯೋತ್ಸವಕ್ಕೋ ಲಂಬಾಣಿ ಹುಡುಗಿ ಕನ್ನಡಿ ಹಚ್ಚಿದ ಲಂಗ ತೊಟ್ಟು ಬರುತ್ತಿದ್ದಳು, ನೇಪಾಳದ ಹುಡುಗ ತನ್ನ ಅಪ್ಪನ ಟೋಪಿ ಹಾಕಿಕೊಂಡು ಬರುತ್ತಿದ್ದ, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದೆವು. ಮರುದಿನ ಊಟದ ಸಾಲುಗಳು ಹಿಂದಿನಂತೆಯೇ ಬೇರೆ ಬೇರೆ. ಆ ಮಗು ಯಾವ ಜನದ್ದು ಎಂಬುದನ್ನು ವೇಷ ತೋರಿಸುತ್ತದೆ. ಈ ಊರಿನಲ್ಲಿ ಅದು ದಿನವೂ ಏನನ್ನು ನೋಡುತ್ತಿದೆ, ಅದಕ್ಕೆ ಏನು ಬೇಕಾಗಿದೆ ಎಂದು ನಾವು ಆ ದಿನ ಕೇಳುವುದೇ ಇಲ್ಲ. ವೈವಿಧ್ಯವನ್ನು ವರ್ಷಕ್ಕೊಮ್ಮೆ ವೇದಿಕೆಯ ಮೇಲೆ ನಿಲ್ಲಿಸಿ, ಉಳಿದ ದಿನ ಅದನ್ನು ಹಿಂದಿನ ಬೆಂಚಿನಲ್ಲಿ ಕೂರಿಸುವ ಈ ಪದ್ಧತಿಯನ್ನು ನಾನು ಬಿಟ್ಟು ಈಗ ಎಂಟು ವರ್ಷವಾಯಿತು.

ಈಗ ಮೊದಲ ಪಾಠವನ್ನು ಒಂದು ಪದದಿಂದ ಆರಂಭಿಸುತ್ತೇನೆ. ನಮ್ಮ ಕಾಲದ ಪಠ್ಯದಲ್ಲಿ ಈ ಭಾಗಕ್ಕೆ ‘ಪೌರನೀತಿ’ ಎಂಬ ಹೆಸರಿತ್ತು. ‘ಪೌರ’ ಎಂದರೆ ಪುರದವನು, ಊರಿಗೆ ಸೇರಿದವನು. ಆ ಪದವನ್ನು ಎಲ್ಲಿ ಕೇಳಿದ್ದೀರಿ ಎಂದು ಮಕ್ಕಳನ್ನು ಕೇಳಿದರೆ ಪ್ರತಿವರ್ಷವೂ ಒಂದೇ ಉತ್ತರ ಬರುತ್ತದೆ: ‘ಪೌರಕಾರ್ಮಿಕರು, ಮೇಡಂ.’ ಇಷ್ಟು ದೊಡ್ಡ ಅರ್ಥದ ಪದ ದಿನನಿತ್ಯದ ಮಾತಿನಲ್ಲಿ ಉಳಿದುಕೊಂಡಿರುವುದು ಬೆಳಗಿನ ಜಾವ ಬೀದಿ ಗುಡಿಸುವವರ ಹೆಸರಿನಲ್ಲಿ. ಬೆಂಗಳೂರಿನಲ್ಲಿ ಅವರಲ್ಲಿ ಅನೇಕರ ಮನೆಮಾತು ತೆಲುಗು. ಊರಿಗೆ ಸೇರಿದವರು ಯಾರು, ಇಲ್ಲಿ ಹುಟ್ಟಿದವರೇ, ಇಲ್ಲಿ ಮತದಾರರ ಪಟ್ಟಿಯಲ್ಲಿ ಹೆಸರಿರುವವರೇ, ಇಲ್ಲಿಯ ಕೆಲಸ ಮಾಡುವವರೇ ಎಂಬ ಚರ್ಚೆ ಅಲ್ಲಿಂದ ತಾನಾಗಿಯೇ ಶುರುವಾಗುತ್ತದೆ. ತರಗತಿಯಲ್ಲಿ ನೇಪಾಳದ ಕಾವಲುಗಾರರ ಮಕ್ಕಳೂ ಇರುವುದರಿಂದ ಕಾನೂನಿನ ಪೌರತ್ವ ಬೇರೆ, ಊರಿನ ಒಳಿತಿಗೆ ಹೊಣೆಯಾಗುವ ನಡವಳಿಕೆ ಬೇರೆ ಎಂಬ ವ್ಯತ್ಯಾಸವನ್ನು ಮೊದಲ ದಿನವೇ ಹೇಳಿಬಿಡಬೇಕು. ಇಲ್ಲದಿದ್ದರೆ ಆ ಮಕ್ಕಳು ಇದು ತಮಗೆ ಸಂಬಂಧಿಸಿದ ಪಾಠವಲ್ಲವೆಂದು ಪುಸ್ತಕ ಮುಚ್ಚಿಬಿಡುತ್ತಾರೆ.

ಕೆಲಸ ಯಾವುದು ಎಂಬುದಕ್ಕೆ ಕರ್ನಾಟಕದಲ್ಲಿ ನಮಗೆ ಸಿದ್ಧವಾದ ದಾರಿಯೊಂದಿದೆ: ಮಕ್ಕಳ ಗ್ರಾಮಸಭೆ, ಅಂದರೆ ಮಕ್ಕಳೇ ತಮ್ಮ ಬೇಡಿಕೆಗಳನ್ನು ಪಂಚಾಯಿತಿಯ ಮುಂದಿಡುವ ಸಭೆ. 1990ರ ದಶಕದಲ್ಲಿ ಕುಂದಾಪುರ ಭಾಗದ ಹಳ್ಳಿಗಳಲ್ಲಿ ದುಡಿಯುವ ಮಕ್ಕಳ ನಡುವೆ ನಡೆದ ಮಕ್ಕಳ ಪಂಚಾಯಿತಿಯ ಪ್ರಯೋಗಗಳು ಇದಕ್ಕೆ ಹಿನ್ನೆಲೆ. ಪ್ರತಿ ಗ್ರಾಮ ಪಂಚಾಯಿತಿಯೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆಯನ್ನು ನಡೆಸಬೇಕೆಂದು 2006ರಲ್ಲಿ ರಾಜ್ಯ ಸರಕಾರ ಆದೇಶ ಹೊರಡಿಸಿತು. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯೂ ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಮಗುವಿಗೆ ಕೊಡುತ್ತದೆ. ಹಲವು ಕಡೆ ಈ ಸಭೆ ಅಧ್ಯಕ್ಷರ ಭಾಷಣ, ಬಿಸ್ಕತ್ತು ಮತ್ತು ಒಂದು ಫೋಟೋದಲ್ಲಿ ಮುಗಿದುಹೋಗುತ್ತದೆ ಎಂಬುದು ನನಗೂ ಗೊತ್ತು. ಮೊದಲೇ ತಯಾರಾಗಿ ಹೋದ ಮಕ್ಕಳ ಕೈಯಲ್ಲಿ ಅದೇ ಸಭೆ ಬೇರೆಯಾಗುತ್ತದೆ.

ನಮ್ಮ ತಯಾರಿ ಒಂದು ನಕ್ಷೆಯಿಂದ ಶುರುವಾಯಿತು. ಪ್ರತಿಯೊಬ್ಬರೂ ತಮ್ಮ ಮನೆಯಿಂದ ಶಾಲೆಯ ತನಕದ ದಾರಿಯನ್ನು ಬರೆಯಬೇಕು, ದಾರಿಯಲ್ಲಿ ಭಯವಾಗುವ ಜಾಗಕ್ಕೆ ಕೆಂಪು ಗುರುತು ಹಾಕಬೇಕು. ಬರೆಯಲು ಭಾಷೆ ಬಾರದವರಿಗೂ ನಕ್ಷೆ ಬರೆಯಲು ಬರುತ್ತದೆ ಎಂಬುದೇ ಇದರ ದೊಡ್ಡ ಅನುಕೂಲ. ಅಪಾರ್ಟ್‌ಮೆಂಟ್ ಕಟ್ಟುವ ಜಾಗದ ಶೆಡ್ಡುಗಳಲ್ಲಿ ಇರುವ ಒಡಿಶಾದ ಹುಡುಗನೊಬ್ಬ ಜೂನ್‌ನಿಂದ ತರಗತಿಯಲ್ಲಿ ಹತ್ತು ಮಾತು ಆಡಿರಲಿಲ್ಲ. ಅವನ ನಕ್ಷೆಯಲ್ಲಿ ಮಳೆನೀರು ಹರಿಯುವ ರಾಜಕಾಲುವೆಯೊಂದಿತ್ತು, ಅದರ ಮೇಲೆ ಎರಡು ಉದ್ದ ಗೆರೆಗಳಿದ್ದವು. ಏನಿದು ಎಂದು ಕೇಳಿದಾಗ ‘ಸೆಂಟ್ರಿಂಗ್ ಹಲಗೆ’ ಎಂದ. ಶೆಡ್ಡಿನ ಮಕ್ಕಳು ದಿನವೂ, ಕಾಂಕ್ರೀಟ್ ಹಾಕುವಾಗ ಬಳಸುವ ಅಂಥ ಎರಡು ಹಲಗೆಗಳ ಮೇಲೆ ಕಾಲುವೆ ದಾಟಿ ಶಾಲೆಗೆ ಬರುತ್ತಿದ್ದರು. ಮುಖ್ಯರಸ್ತೆಯಿಂದ ಬರುವ ನಮಗೆ ಯಾರಿಗೂ ಅಂಥದೊಂದು ಜಾಗವಿರುವುದು ತಿಳಿದಿರಲಿಲ್ಲ. ಹಾಜರಿ ಪುಸ್ತಕವನ್ನು ತೆಗೆದು ನೋಡಿದೆವು. ಸೆಪ್ಟೆಂಬರ್‌ನಲ್ಲಿ ಜೋರು ಮಳೆ ಬಿದ್ದ ಮರುದಿನಗಳಲ್ಲೆಲ್ಲ ಅದೇ ಐದು ಹೆಸರುಗಳ ಮುಂದೆ ಗೈರುಹಾಜರಿಯ ಗುರುತಿತ್ತು. ಅದನ್ನು ಹಾಕಿದವಳು ನಾನೇ. ಕಾರಣ ಮಾತ್ರ ಒಮ್ಮೆಯೂ ಕೇಳಿರಲಿಲ್ಲ.

ಆಮೇಲೆ ನಾನು ಮಾಡಿದ ತಪ್ಪನ್ನು ನೀವು ಮಾಡಬಾರದೆಂದು ಇದನ್ನು ವಿವರವಾಗಿ ಹೇಳುತ್ತೇನೆ. ಸಭೆಯಲ್ಲಿ ಯಾವ ಬೇಡಿಕೆಯನ್ನು ಮೊದಲು ಇಡಬೇಕು ಎಂಬುದನ್ನು ಮತಕ್ಕೆ ಹಾಕಿದೆ, ಅದೇ ಪ್ರಜಾಪ್ರಭುತ್ವವೆಂದು ತಿಳಿದು. ನಲವತ್ತೊಂದು ಮಕ್ಕಳಲ್ಲಿ ಇಪ್ಪತ್ತೊಂಬತ್ತು ಮಂದಿ ಆಟದ ಮೈದಾನವನ್ನು ಸಮತಟ್ಟು ಮಾಡಿಸಬೇಕು ಎಂದರು. ಕಾಲುವೆಗೆ ಬಿದ್ದದ್ದು ಐದೇ ಮತ, ದಾಟುವವರ ಮತಗಳು ಮಾತ್ರ. ಹಲವು ಬಗೆಯ ಜನರಿರುವ ಸಮಾಜದಲ್ಲಿ ಬರೀ ಎಣಿಕೆ ಏನು ಮಾಡುತ್ತದೆ ಎಂಬುದನ್ನು ನನಗೆ ಆ ಕಪ್ಪುಹಲಗೆ ತೋರಿಸಿತು. ಯಾವ ಮಗುವೂ ಕೆಟ್ಟದ್ದಾಗಿ ನಡೆದುಕೊಂಡಿರಲಿಲ್ಲ, ಪ್ರತಿಯೊಬ್ಬರೂ ತಮಗೆ ಕಂಡದ್ದಕ್ಕೆ ಮತ ಹಾಕಿದ್ದರು.

ನಾನು ಭಾಷಣ ಮಾಡಲಿಲ್ಲ. ಮುಖ್ಯ ಶಿಕ್ಷಕರ ಅನುಮತಿ ಪಡೆದು ಶನಿವಾರ ಶಾಲೆ ಬಿಟ್ಟ ಮೇಲೆ ಇಡೀ ತರಗತಿಯನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಮೈದಾನದ ಪರವಾಗಿ ಎಲ್ಲರನ್ನೂ ಒಲಿಸಿದ್ದ ವಾಲಿಬಾಲ್ ಆಟಗಾರ ಹುಡುಗ ಹಲಗೆಯ ಮೇಲೆ ಒಂದು ಕಾಲಿಟ್ಟ. ಹಲಗೆ ಜಗ್ಗಿತು. ಕಾಲು ಹಿಂದಕ್ಕೆ ತೆಗೆದುಕೊಂಡು ಏನೂ ಹೇಳದೆ ಕೆಳಗಿನ ನೀರನ್ನು ನೋಡುತ್ತ ನಿಂತ. ಅಷ್ಟರಲ್ಲಿ ಐದನೇ ತರಗತಿಯ ಪುಟ್ಟ ಹುಡುಗಿಯೊಬ್ಬಳು ಬ್ಯಾಗನ್ನು ಎದೆಗೆ ಅವುಚಿಕೊಂಡು ಸರಸರನೆ ದಾಟಿ ಹೋದಳು. ಸೋಮವಾರ ಸಂವಿಧಾನದ 21ಎ ವಿಧಿಯನ್ನು ಓದಿದೆವು. 6ರಿಂದ 14 ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿದ, 2002ರ 86ನೇ ತಿದ್ದುಪಡಿಯಿಂದ ಬಂದ ವಿಧಿ ಅದು. ಮೂಲಭೂತ ಹಕ್ಕು ಎಂದರೆ ಬಹುಮತಕ್ಕೆ ಬಿಟ್ಟುಕೊಡದೆ ತೆಗೆದಿಟ್ಟದ್ದು ಎಂಬ ಮಾತು ಆ ದಿನ ಅವರಿಗೆ ವಿವರಣೆಯಿಲ್ಲದೆ ಅರ್ಥವಾಯಿತು. ಮತ್ತೆ ಮತ ಹಾಕಿದಾಗ ಮೂವತ್ತು ಮಂದಿ ಕಾಲುವೆ ಮೊದಲು ಎಂದರು. ಹನ್ನೊಂದು ಮಂದಿ ಮೈದಾನವನ್ನೇ ಹಿಡಿದು ನಿಂತರು, ಅವರಿಗೆ ಆ ಹಕ್ಕೂ ಇದೆ. ಮೈದಾನ ಎರಡನೆಯ ಬೇಡಿಕೆಯಾಯಿತು.

ಅರ್ಜಿ ಬರೆಯುವಾಗ ಭಾಷೆಯ ಪ್ರಶ್ನೆ ಬಂತು. 2011ರ ಜನಗಣತಿಯ ಪ್ರಕಾರ ನಮ್ಮ ರಾಜ್ಯದಲ್ಲಿ ಕನ್ನಡ ಮನೆಮಾತಾಗಿರುವವರು ಸುಮಾರು ಮೂರನೇ ಎರಡರಷ್ಟು. ಉಳಿದವರಲ್ಲಿ ಉರ್ದು, ತೆಲುಗು, ತಮಿಳು, ಮರಾಠಿ, ತುಳು, ಕೊಂಕಣಿ ಮುಂತಾದ ಮಾತಿನವರಿದ್ದಾರೆ. 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮ ಇಲ್ಲಿ ಓದುವ ಎಲ್ಲ ಮಕ್ಕಳೂ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಯಬೇಕೆನ್ನುತ್ತದೆ. ನಾನು ಇದನ್ನು ಮನಸಾರೆ ಒಪ್ಪುತ್ತೇನೆ. ಪಂಚಾಯಿತಿಯ ಕಡತ ಕನ್ನಡದಲ್ಲಿದೆ, ಕನ್ನಡ ಬಾರದ ಮಗು ಆ ಕಡತದ ಹೊರಗೇ ಉಳಿಯುತ್ತದೆ. ಹಾಗೆಂದು ಕನ್ನಡ ಚೆನ್ನಾಗಿ ಬರುವ ತನಕ ಬಾಯಿ ಮುಚ್ಚಿಕೊಂಡಿರು ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಒಡಿಶಾದ ಹುಡುಗ ಮೂರು ವಾಕ್ಯಗಳನ್ನು ಕನ್ನಡದಲ್ಲಿ ಬರೆದುಕೊಂಡು ವಾರವಿಡೀ ಅಭ್ಯಾಸ ಮಾಡಿದ. ಉಳಿದದ್ದನ್ನು ತನಗೆ ಬಂದ ಹಿಂದಿಯಲ್ಲಿ ಹೇಳಿದ. ಅದನ್ನು ಕನ್ನಡಕ್ಕೆ ತಂದವಳು ಮನೆಯಲ್ಲಿ ದಖನಿ ಉರ್ದು ಮಾತಾಡುವ ಹುಡುಗಿ. ತರಗತಿಯಲ್ಲಿ ಎರಡೂ ಮಾತು ಸಲೀಸಾಗಿ ಬರುತ್ತಿದ್ದುದು ಅವಳೊಬ್ಬಳಿಗೇ. ತನ್ನ ಮನೆಮಾತು ಸಭೆಯ ನಡುವೆ ಹೀಗೆ ಬೇಕಾಗಿಬರುತ್ತದೆ ಎಂದು ಅವಳು ಅಂದುಕೊಂಡಿರಲಿಲ್ಲ.

ಆ ಕಾಲುವೆ ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬ ಉತ್ತರ ಸಭೆಯಲ್ಲಿ ಬಂತು. ಶೆಡ್ಡಿನವರ ಮತ ಅವರವರ ಊರುಗಳಲ್ಲಿದೆ, ಇಲ್ಲಿಯ ಪಟ್ಟಿಯಲ್ಲಿ ಅವರಿಲ್ಲ. ಉತ್ತರ ಅಷ್ಟು ಬೇಗ ಬಂದುದಕ್ಕೆ ಅದೂ ಒಂದು ಕಾರಣವೆಂದು ನನ್ನ ಅನಿಸಿಕೆ. ದೇಶದ ಯಾವ ಭಾಗದಲ್ಲಾದರೂ ವಾಸಿಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದ್ದರೂ, ವಾಸಿಸುವ ಜಾಗದಲ್ಲಿ ಲೆಕ್ಕಕ್ಕೆ ಸಿಗುವುದು ಬೇರೆಯೇ ಮಾತು. ಮಕ್ಕಳು ಅರ್ಜಿಗೆ ಹಾಜರಿಯ ಪಟ್ಟಿಯನ್ನೂ ನಕ್ಷೆಯನ್ನೂ ಲಗತ್ತಿಸಿ, ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದರು. ಮೊಹರಿಲ್ಲದ ಅರ್ಜಿಗೆ ಗುರುತಿಲ್ಲ ಎಂಬುದನ್ನು ಯಾವ ಪಠ್ಯಪುಸ್ತಕವೂ ಇಷ್ಟು ಚೆನ್ನಾಗಿ ಕಲಿಸದು. ಮೂರು ಬಾರಿ ನೆನಪೋಲೆ ಬರೆದ ಮೇಲೆ, ನಾಲ್ಕು ತಿಂಗಳಿಗೆ ಕಾಂಕ್ರೀಟ್ ಚಪ್ಪಡಿ ಬಿತ್ತು.

ಎಲ್ಲ ಸಂಗತಿಗಳೂ ಕಾಲುವೆಯಷ್ಟು ಸುಲಭವಲ್ಲ. ಭಾಷೆ ಮತ್ತು ಧರ್ಮದ ಜಗಳ ಹೊರಗೆ ಎದ್ದಾಗ ಅದು ತರಗತಿಯೊಳಕ್ಕೂ ಬರುತ್ತದೆ. 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿಯ ವಿಷಯಕ್ಕೆ ಬೆಂಗಳೂರಿನಲ್ಲಿ ಬಸ್ಸುಗಳು ಸುಟ್ಟಾಗ ನಾನು ನಗರದೊಳಗಿನ ಶಾಲೆಯಲ್ಲಿದ್ದೆ. ತಮಿಳು ಮನೆಮಾತಿನ ಮಕ್ಕಳು ವಾರಗಟ್ಟಲೆ ಮಾತಾಡುವುದನ್ನೇ ಬಿಟ್ಟಿದ್ದರು. ಆಗ ನಾನು ಆ ವಿಷಯವನ್ನು ಎತ್ತಲಿಲ್ಲ, ಹೆದರಿದೆ. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂದಾಗ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ: ಒಟ್ಟು 740 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು), ಅದರಲ್ಲಿ ತಮಿಳುನಾಡಿಗೆ 404.25, ಕರ್ನಾಟಕಕ್ಕೆ 284.75, ಕೇರಳಕ್ಕೆ 30, ಪುದುಚೇರಿಗೆ 7, ಉಳಿದದ್ದು ಪರಿಸರಕ್ಕೂ ಸಮುದ್ರಕ್ಕೂ. ನ್ಯಾಯಮಂಡಳಿಯ ಹಿಂದಿನ ತೀರ್ಪಿಗಿಂತ ಕರ್ನಾಟಕಕ್ಕೆ ಹೆಚ್ಚಾಗಿ ಸಿಕ್ಕ 14.75ರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ಮತ್ತು ಮನೆಬಳಕೆಯ ನೀರಿಗೆ ಎಂದು ಓದಿದಾಗ, ತಾತನ ಕಾಲದಿಂದ ಇಲ್ಲೇ ಇರುವ ತಮಿಳು ಹುಡುಗನೊಬ್ಬ ಕೈಯೆತ್ತಿದ. ‘ನಾವು ಕುಡಿಯೋದೂ ಇದೇ ನೀರಲ್ವಾ ಮೇಡಂ?’ ಎಂದ. ಆ ದಿನದ ಚರ್ಚೆ ಮಂಡ್ಯದ ರೈತ, ತಂಜಾವೂರಿನ ರೈತ, ಮಳೆ ಕೈಕೊಟ್ಟ ವರ್ಷದ ಹಂಚಿಕೆ, ಎಲ್ಲವನ್ನೂ ಮುಟ್ಟಿತು. ಯಾರೂ ದನಿ ಏರಿಸಲಿಲ್ಲ, ಏಕೆಂದರೆ ಎಲ್ಲರ ಕಣ್ಣೂ ಒಂದೇ ಅಂಕಿಯ ಮೇಲಿತ್ತು. ಬಿಸಿ ಆರುವ ತನಕ ಕಾಯುವುದು ತಪ್ಪಲ್ಲ, ಆರಿದ ಮೇಲೂ ಮಾತಾಡದಿರುವುದು ತಪ್ಪು ಎಂದು ನನಗೆ ಅನ್ನಿಸುತ್ತದೆ.

ಇನ್ನು ನಿಮ್ಮ ಭಯ. ಪಕ್ಷದ ಹೆಸರು, ನಾಯಕರ ಹೆಸರು ನನ್ನ ತರಗತಿಯಲ್ಲಿ ನನ್ನ ಬಾಯಿಂದ ಬರುವುದಿಲ್ಲ. ಆ ಗೆರೆಯನ್ನು ನಾನು ದಾಟುವುದಿಲ್ಲ. ಆದರೆ ಧರ್ಮ, ಭಾಷೆ, ಪ್ರದೇಶಗಳ ಭೇದವನ್ನು ಮೀರಿ ಸೋದರಭಾವ ಬೆಳೆಸುವುದು 51ಎ ವಿಧಿಯಲ್ಲಿ ಬರೆದಿರುವ ಕರ್ತವ್ಯ. ಯಾರಾದರೂ ಕೇಳಿದರೆ ಪಾಠಪುಸ್ತಕದ ಅದೇ ಪುಟವನ್ನು ತೋರಿಸಿ. ಕೇರಳದ ಒಂದು ಪ್ರಕರಣವನ್ನೂ ಪ್ರತಿವರ್ಷ ತಪ್ಪದೆ ಹೇಳುತ್ತೇನೆ. 1985ರಲ್ಲಿ ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ, ತಮ್ಮ ನಂಬಿಕೆಯ ಕಾರಣ ಹಾಡಲಿಲ್ಲವೆಂದು ಅವರನ್ನು ಶಾಲೆಯಿಂದ ಹೊರಹಾಕಲಾಯಿತು. 1986ರ ಆಗಸ್ಟ್‌ನಲ್ಲಿ ಬಿಜೋ ಇಮ್ಯಾನುಯೆಲ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅವರನ್ನು ಮರಳಿ ಸೇರಿಸಿಕೊಳ್ಳಬೇಕೆಂದು ಹೇಳಿತು. ನಮ್ಮ ಪರಂಪರೆ ಸಹನೆಯನ್ನು ಕಲಿಸುತ್ತದೆ, ನಮ್ಮ ಸಂವಿಧಾನ ಅದನ್ನು ಆಚರಿಸುತ್ತದೆ, ಅದನ್ನು ದುರ್ಬಲಗೊಳಿಸುವುದು ಬೇಡ ಎಂಬುದು ಆ ತೀರ್ಪಿನ ಕೊನೆಯ ಮಾತಿನ ಸಾರ. ರಾಷ್ಟ್ರಗೀತೆಯನ್ನು ಪ್ರೀತಿಯಿಂದ ಹಾಡುವ ನನ್ನ ಮಕ್ಕಳು ಹಾಡದವರ ಹಕ್ಕಿನ ಬಗ್ಗೆ ಅರ್ಧ ಗಂಟೆ ವಾದ ಮಾಡುತ್ತಾರೆ. ನಾನು ತೀರ್ಪು ಕೊಡುವುದಿಲ್ಲ, ಓದಿ ತೋರಿಸುತ್ತೇನೆ ಅಷ್ಟೇ.

ಊಟದ ಸಾಲುಗಳ ವಿಷಯಕ್ಕೆ ಬಂದರೆ, ಅವು ಪೂರ್ತಿ ಬೆರೆತಿವೆ ಎಂದು ಹೇಳಲಾರೆ. ಅರ್ಜಿಯ ಕೆಲಸವಿದ್ದ ವಾರಗಳಲ್ಲಿ ಗುಂಪಿನವರು ಕಾಗದ ಹರಡಿಕೊಂಡು ಒಟ್ಟಿಗೇ ತಟ್ಟೆ ಹಿಡಿದು ಕೂರುತ್ತಿದ್ದರು. ನಂತರ ಕೆಲವರು ಹಳೆಯ ಜಾಗಕ್ಕೆ ಮರಳಿದರು, ಕೆಲವರು ಮರಳಲಿಲ್ಲ. ನೀವು ಜೂನ್‌ನಲ್ಲೇ ನಕ್ಷೆ ಬರೆಸಿದರೆ ಮಳೆಗಾಲದ ಹಾಜರಿ ಲೆಕ್ಕಕ್ಕೆ ಸಿಗುತ್ತದೆ, ನವೆಂಬರ್ ಹೊತ್ತಿಗೆ ಅರ್ಜಿ ಸಿದ್ಧವಾಗುತ್ತದೆ. ನಮ್ಮ ಕಾಲುವೆಯ ಚಪ್ಪಡಿಗೆ ಎರಡೂ ಬದಿಯ ಕಂಬಿ ಇನ್ನೂ ಹಾಕಿಲ್ಲ. ಈ ವರ್ಷದ ಎಂಟನೇ ತರಗತಿಯವರು ಹಳೆಯ ಅರ್ಜಿಯ ಮೊಹರು ಬಿದ್ದ ಪ್ರತಿಯನ್ನು ನನ್ನ ಬೀರುವಿನಿಂದ ತೆಗೆಸಿಕೊಂಡಿದ್ದಾರೆ.