ಕಲ್ಲಿನ ರಿಪೋರ್ಟಲ್ಲಿ 102 ಪರ್ಸೆಂಟ್ ಹೇಗೆ ಬಂತು? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸರ್ ನಮಸ್ಕಾರ್ರೀ, ಲೋಕಾಪುರದ ಕಡೆ ನಮ್ಮ ಹೊಲದಾಗ ಬಿಳಿ ಕಲ್ಲಿನ ದಿನ್ನಿ ಐತ್ರಿ. ಏಜೆಂಟ್ ಒಬ್ರು ಬಂದು ಇದು ಮಾರ್ಬಲ್, ಪುಡಿ ಮಾಡಿ ಪೇಂಟ್ ಫ್ಯಾಕ್ಟರಿಗೆ ಕೊಡಬಹುದು ಅಂತ ಒಂದು ಕಲ್ಲ ಆರಿಸ್ಕೊಂಡು ಹೋಗಿ ರಿಪೋರ್ಟ್ ತಂದಾರ. ಅದರಾಗ "ಒಟ್ಟು ಕಾರ್ಬೊನೇಟ್ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) 102%" ಅಂತ ಐತಿ. ನೂರರ ಮ್ಯಾಲೆ ಹೆಂಗ ಬರ್ತೈತ್ರಿ? ಕೇಳಿದ್ರ ಅಷ್ಟು ಪ್ಯೂರ್ ಐತಿ ಅಂತಾರ. ಅಗ್ರಿಮೆಂಟ್ ಮಾಡ್ಕೊಳ್ಳಲೇನ್ರಿ?
— ರೈತರೊಬ್ಬರು, ಬಾಗಲಕೋಟೆ ಜಿಲ್ಲೆ

ಉತ್ತರ: ಅಗ್ರಿಮೆಂಟ್ ಸದ್ಯಕ್ಕೆ ಬೇಡ್ರಿ. ಲ್ಯಾಬಿನವರು ಸುಳ್ಳೇನೂ ಬರೆದಿಲ್ಲ, ಏಜೆಂಟು ಹೇಳಿದ ಅರ್ಥ ಮಾತ್ರ ತಪ್ಪು. ಈ ಟೆಸ್ಟಲ್ಲಿ ಮಾಡೋದಿಷ್ಟೇ, ಕಲ್ಲಿನ ಪುಡಿಗೆ ಆಸಿಡ್ ಹಾಕಿ ಎಷ್ಟು ಆಸಿಡ್ ಖರ್ಚಾಯ್ತು ಅಂತ ಅಳೆದು, ಅಷ್ಟೂ ಕ್ಯಾಲ್ಸಿಯಂ ಕಾರ್ಬೊನೇಟಿಂದಲೇ ಅಂತ ಲೆಕ್ಕ ಕಟ್ತಾರೆ. ಆದ್ರೆ ನಿಮ್ಮ ಕಲ್ಲಲ್ಲಿ ಮೆಗ್ನೀಸಿಯಂ ಇದ್ರೆ? ಅದು ಕ್ಯಾಲ್ಸಿಯಂಗಿಂತ ಹಗುರ, ಹಾಗಾಗಿ ಅದೇ ತೂಕದ ಕಲ್ಲು ಜಾಸ್ತಿ ಆಸಿಡ್ ತಿನ್ನತ್ತೆ, ಶುದ್ಧ ಡೋಲೋಮೈಟ್ (ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಇರೋ ಕಾರ್ಬೊನೇಟ್ ಕಲ್ಲು) ಈ ಲೆಕ್ಕದಲ್ಲಿ ಹೆಚ್ಚುಕಮ್ಮಿ 108.5 ತೋರಿಸತ್ತೆ. ಅಂದ್ರೆ 102 ಬಂದಿದೆ ಅಂದ್ರೆ ನಿಮ್ಮದು ಪ್ಯೂರ್ ಕ್ಯಾಲ್ಸೈಟ್ (ಬರೀ ಕ್ಯಾಲ್ಸಿಯಂ ಕಾರ್ಬೊನೇಟಿನ ಖನಿಜ) ಅಲ್ಲ, ಬಹುಶಃ ಡೋಲೋಮೈಟು, ಜೊತೆಗೆ ಕ್ಯಾಲ್ಸೈಟೋ ಮರಳೋ ಮಣ್ಣೋ ಸೇರಿದೆ. ಲೋಕಾಪುರದ ಸುತ್ತ ಡೋಲೋಮೈಟ್ ಪದರಗಳು ಇರೋದೂ ಹೊಸ ವಿಷಯ ಅಲ್ಲ ಬಿಡಿ.

ಮನೇಲೇ ಒಂದು ಪರೀಕ್ಷೆ ಮಾಡ್ಬಹುದು. ತೆಳು ಮಾಡಿದ ಹೈಡ್ರೋಕ್ಲೋರಿಕ್ ಆಸಿಡ್ (ಆಸಿಡ್ಡನ್ನ ನೀರಿಗೆ ಹಾಕಿ, ನೀರನ್ನ ಆಸಿಡ್ಡಿಗಲ್ಲ, ಕೈಗೆ ಗ್ಲೌಸ್ ಇರ್ಲಿ) ಒಂದು ಹನಿ ಕಲ್ಲಿನ ಮೇಲೆ ಬಿಡಿ. ಕ್ಯಾಲ್ಸೈಟ್ ಆದ್ರೆ ಬುಸ್ ಅಂತ ನೊರೆ ಬರತ್ತೆ. ಡೋಲೋಮೈಟ್ ಸುಮ್ನೆ ಕೂತಿರತ್ತೆ, ಅದೇ ಜಾಗನ ಚಾಕುವಿಂದ ಕೆರೆದು ಪುಡಿ ಮಾಡಿ ಹನಿ ಹಾಕಿದ್ರೆ ಆಗ ನಿಧಾನಕ್ಕೆ ಗುಳ್ಳೆ ಬರತ್ತೆ.

ಇನ್ನು ರಿಪೋರ್ಟ್ ಮಾಡಿಸೋದಾದ್ರೆ ಒಂದೇ ನಂಬರ್ ಕೇಳ್ಬೇಡಿ. ಕ್ಯಾಲ್ಸಿಯಂ ಆಕ್ಸೈಡ್, ಮೆಗ್ನೀಸಿಯಂ ಆಕ್ಸೈಡ್, ಸಿಲಿಕಾ (ಮರಳಿನ ಅಂಶ), ಅಲ್ಯೂಮಿನಾ, ಕಬ್ಬಿಣ, ಮತ್ತೆ ಎಲ್‌ಒಐ ಅಂತಾರಲ್ಲ, ಕಾಯಿಸಿದಾಗ ಹೋಗೋ ತೂಕ, ಇಷ್ಟೂ ಬೇಕು. ಶುದ್ಧ ಕ್ಯಾಲ್ಸೈಟಲ್ಲಿ ಕ್ಯಾಲ್ಸಿಯಂ ಆಕ್ಸೈಡ್ 56 ಪರ್ಸೆಂಟ್, ಎಲ್‌ಒಐ 44. ಡೋಲೋಮೈಟಲ್ಲಿ ಕ್ಯಾಲ್ಸಿಯಂ ಆಕ್ಸೈಡ್ 30.4, ಮೆಗ್ನೀಸಿಯಂ ಆಕ್ಸೈಡ್ 21.9, ಎಲ್‌ಒಐ 47.7. ನನಗೆ ಎಲ್ಲಕ್ಕಿಂತ ಇಷ್ಟವಾದ ಕಾಲಮ್ಮು ಈ ಎಲ್‌ಒಐನೇ, ಯಾಕಂದ್ರೆ ಉಳಿದ ಲೆಕ್ಕ ಸರಿ ಇದೆಯಾ ಅಂತ ಇದರಿಂದ ಹಿಡಿಬಹುದು. ಕ್ಯಾಲ್ಸಿಯಂ ಆಕ್ಸೈಡನ್ನ 0.785ರಿಂದ, ಮೆಗ್ನೀಸಿಯಂ ಆಕ್ಸೈಡನ್ನ 1.092ರಿಂದ ಗುಣಿಸಿ ಕೂಡಿ. ಉದಾಹರಣೆಗೆ ಕ್ಯಾಲ್ಸಿಯಂ ಆಕ್ಸೈಡ್ 48, ಮೆಗ್ನೀಸಿಯಂ ಆಕ್ಸೈಡ್ 3 ಇದ್ರೆ ಎಲ್‌ಒಐ 41ರ ಹತ್ರ ಬರ್ಬೇಕು. ರಿಪೋರ್ಟಲ್ಲಿ 38 ಅಂತಿದ್ರೆ ಆ ಕ್ಯಾಲ್ಸಿಯಂ ಮೆಗ್ನೀಸಿಯಂ ಅಷ್ಟೂ ಕಾರ್ಬೊನೇಟಲ್ಲಿಲ್ಲ, ಒಂದು ಪಾಲು ಟ್ರೆಮೊಲೈಟೋ ವೊಲಾಸ್ಟನೈಟೋ ಅನ್ನೋ ಖನಿಜ ಆಗಿ ಸಿಲಿಕಾ ಜೊತೆ ಕಟ್ಕೊಂಡಿದೆ. ನಾರುನಾರಾದ ಟ್ರೆಮೊಲೈಟ್ ಕಲ್ನಾರಿನ ಜಾತಿ, ಅಂಥ ಕಲ್ಲನ್ನ ಪುಡಿ ಮಾಡೋ ವಿಚಾರವೇ ಬೇಡ.

ಪೇಂಟಿನವರು ಕೇಳೋದು ಬಿಳುಪು ಮತ್ತೆ ನುಣುಪು. ಕ್ಯಾಲ್ಸೈಟಿನ ಗಡಸುತನ ಮೋಹ್ಸ್ ಸ್ಕೇಲಲ್ಲಿ 3, ಕ್ವಾರ್ಟ್ಜ್ (ಮರಳಲ್ಲಿರೋ ಗಟ್ಟಿ ಸಿಲಿಕಾ ಖನಿಜ) 7, ಅದು ಸ್ವಲ್ಪ ಜಾಸ್ತಿ ಸೇರಿದ್ರೂ ಗ್ರೈಂಡಿಂಗ್ ಮಿಲ್ಲೇ ಸವೆದು ಹೋಗತ್ತೆ. ಗಾಜಿನವರಿಗೆ ಡೋಲೋಮೈಟೂ ಬೇಕು, ಆದ್ರೆ ಕಬ್ಬಿಣ ಕಂಡ್ರೆ ಆಗಲ್ಲ, ಗಾಜು ಹಸಿರಾಗತ್ತೆ. ಸಿಮೆಂಟಿನವರು ಉಲ್ಟಾ, ಬಣ್ಣ ಹೇಗಿದ್ರೂ ಸರಿ, ಮೆಗ್ನೀಸಿಯಂ ಮಾತ್ರ ಬೇಡ. ಸುಟ್ಟಾಗ ಕಲ್ಲಿನ ತೂಕ ಮೂರನೇ ಒಂದು ಪಾಲು ಇಳಿದು ಮೆಗ್ನೀಸಿಯಂ ಸಾಂದ್ರ ಆಗತ್ತೆ, ಕಲ್ಲಲ್ಲಿ ಮೆಗ್ನೀಸಿಯಂ ಆಕ್ಸೈಡ್ 4 ಪರ್ಸೆಂಟ್ ಇದ್ದದ್ದು ಸಿಮೆಂಟಲ್ಲಿ 6ರ ಹತ್ರ ಹೋಗತ್ತೆ, ಆ 6 ಅನ್ನೋದೇ ಮಾಮೂಲಿ ಪೋರ್ಟ್‌ಲೆಂಡ್ ಸಿಮೆಂಟಿಗೆ ನಮ್ಮ ಐಎಸ್ ಸ್ಟ್ಯಾಂಡರ್ಡಿನ ಮಿತಿ. ಮೀರಿದ್ರೆ ಕಟ್ಟಡ ಆಗಿ ಎಷ್ಟೋ ದಿನದ ಮೇಲೆ ಒಳಗೇ ಉಬ್ಬಿ ಬಿರುಕು ಬಿಡತ್ತೆ. ನಿಮ್ಮ ಕಲ್ಲಿಗೆ ಸಹಜವಾದ ಗಿರಾಕಿ ಉಕ್ಕಿನ ಕಾರ್ಖಾನೆ, ಅಲ್ಲಿ ಡೋಲೋಮೈಟನ್ನ ಫ್ಲಕ್ಸ್ ಅಂತ, ಅಂದ್ರೆ ಕಶ್ಮಲ ಕರಗಿಸಿ ಬೇರೆ ಮಾಡೋಕೆ ಬಳಸ್ತಾರೆ, ಸಿಲಿಕಾ ಕಮ್ಮಿ ಇರ್ಬೇಕು ಅಷ್ಟೇ.

ಆದ್ರೆ ಇದೆಲ್ಲಾ ಲೆಕ್ಕ ಬರೋದು ಸ್ಯಾಂಪಲ್ ಸರಿ ಇದ್ರೆ. ಅನ್ನ ಬೆಂದಿದೆಯಾ ಅಂತ ಒಂದಗುಳು ಹಿಸುಕಿ ನೋಡ್ತೀವಲ್ಲ, ಕಲ್ಲಿಗೆ ಅದು ನಡೆಯಲ್ಲ. ಒಂದು ಪದರ ಡೋಲೋಮೈಟ್, ಪಕ್ಕದ್ದೇ ಚರ್ಟು (ಸಿಲಿಕಾದ ಗಟ್ಟಿ ಕಲ್ಲು), ಅದರಾಚೆ ಸುಣ್ಣಕಲ್ಲು ಹೀಗೇ ಇರತ್ತೆ. ಪದರಗಳಿಗೆ ಅಡ್ಡಡ್ಡ ಗೆರೆ ಹಾಕಿ, ಮೇಲಿನ ಹಾಳಾದ ಕಲ್ಲು ತೆಗೆದು, ಮೀಟರ್ ಮೀಟರಿಗೂ ಚೂರು ಕಿತ್ತು ಬೇರೆ ಬೇರೆ ಚೀಲಕ್ಕೆ ಹಾಕ್ಬೇಕು, ಆಮೇಲೆ ಪುಡಿ ಮಾಡಿ ನಾಲ್ಕು ಭಾಗ ಮಾಡ್ತಾ ಕಮ್ಮಿ ಮಾಡ್ಕೊಂಡು ಲ್ಯಾಬಿಗೆ ಕೊಡ್ಬೇಕು. ಆಳ ಎಷ್ಟಿದೆ ಅಂತ ತಿಳಿಯೋಕೆ ಕೋರ್ ಡ್ರಿಲ್ಲಿಂಗೇ ಗತಿ. ಏಜೆಂಟು ಆರಿಸಿ ತಗೊಂಡು ಹೋದ ಚೆಂದದ ಕಲ್ಲು ಆ ಒಂದು ಕಲ್ಲಿನ ಕಥೆ ಮಾತ್ರ ಹೇಳತ್ತೆ.

ಇನ್ನೊಂದು, ಹೊಲ ನಿಮ್ಮದೇ ಆದ್ರೂ ಲೀಸ್ ಇಲ್ದೆ ಕಲ್ಲು ತೆಗೆದು ಮಾರೋ ಹಾಗಿಲ್ಲ. ಡೋಲೋಮೈಟ್ 2015ರಿಂದ ಉಪಖನಿಜದ ಪಟ್ಟಿಲಿದೆ, ಸಿಮೆಂಟಿಗೆ ಹೋಗೋ ಸುಣ್ಣಕಲ್ಲು ಪ್ರಧಾನ ಖನಿಜ, ಎರಡಕ್ಕೂ ನಿಯಮ ಬೇರೆ. ಮೊದ್ಲು ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆ ಆಫೀಸಿಗೆ ಹೋಗಿ ಬನ್ನಿ.

ಪ್ರಶ್ನೆ: ಎಕ್ಸ್‌ಆರ್‌ಎಫ್ ಮಾಡಿಸಿದ್ರೆ ಸಾಕಾ, ಎಕ್ಸ್‌ಆರ್‌ಡಿನೂ ಬೇಕಾ? ಪ್ರಾಜೆಕ್ಟಿಗೆ ದುಡ್ಡು ಕಮ್ಮಿ ಇದೆ.
— ಎಂಎಸ್ಸಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಎಕ್ಸ್‌ಆರ್‌ಎಫ್ ಎಲ್ಲದಕ್ಕೂ ಮಾಡ್ಸಮ್ಮ, ಅದು ಧಾತು ಎಷ್ಟಿದೆ ಅಂತ ಹೇಳತ್ತೆ, ಯಾವ ಖನಿಜದಲ್ಲಿದೆ ಅಂತ ಹೇಳಲ್ಲ. ಮೇಲಿನ ಎಲ್‌ಒಐ ಲೆಕ್ಕ ಹಾಕಿ, ಎಲ್ಲಿ ತಾಳೆ ಆಗಲ್ವೋ ಆ ಸ್ಯಾಂಪಲ್‌ಗಳನ್ನ ಮಾತ್ರ ಎಕ್ಸ್‌ಆರ್‌ಡಿಗೆ ಕಳ್ಸು, ಖನಿಜ ಯಾವುದು ಅಂತ ಹೇಳೋದು ಅದೇ. ಅದರ ತಾಮ್ರದ ಎಕ್ಸ್-ರೇ ಟ್ಯೂಬಲ್ಲಿ ಕ್ಯಾಲ್ಸೈಟಿನ ದೊಡ್ಡ ಪೀಕ್ 29.4 ಡಿಗ್ರಿ, ಡೋಲೋಮೈಟಿಂದು 31ರ ಹತ್ರ, ಕಣ್ಣಿಗೇ ಕಾಣತ್ತೆ. ಮೈಕ್ರೋಸ್ಕೋಪಿಗೆ ಅಂತ ಕಲ್ಲನ್ನ ಉಜ್ಜಿ ಮಾಡಿದ ತೆಳು ಸೆಕ್ಷನ್‌ಗೆ ಅಲಿಜರಿನ್ ರೆಡ್ ಎಸ್ ಬಣ್ಣ ಹಾಕಿದ್ರೆ ಕ್ಯಾಲ್ಸೈಟ್ ಕೆಂಪಾಗತ್ತೆ, ಡೋಲೋಮೈಟ್ ಹಾಗೇ ಇರತ್ತೆ, ಖರ್ಚೂ ಕಮ್ಮಿ.

ಪ್ರಶ್ನೆ: ಉದಯಪುರದ ಕಡೆಯ ಗ್ರೀನ್ ಮಾರ್ಬಲ್ ಮೇಲೆ ನಿಂಬೆಹಣ್ಣು ಹಿಂಡಿದ್ರೂ ಏನೂ ಆಗಲಿಲ್ಲ, ಡೂಪ್ಲಿಕೇಟಾ?
— ಗೃಹಿಣಿ, ಮೈಸೂರು

ಉತ್ತರ: ಡೂಪ್ಲಿಕೇಟ್ ಅಲ್ಲಮ್ಮ. ಆ ಹಸಿರು ಕಲ್ಲು ಸರ್ಪೆಂಟೈನ್, ಅಂಗಡೀಲಿ ಮಾರ್ಬಲ್ ಅಂತ ಮಾರ್ತಾರೆ, ಅದರಲ್ಲಿ ಕಾರ್ಬೊನೇಟ್ ಇರೋದು ಬಿಳಿ ಗೆರೆಗಳಲ್ಲೇ ಜಾಸ್ತಿ. ನಿಂಬೆ ಹಿಂಡೋ ಪ್ರಯೋಗ ಮಾತ್ರ ದೇವರಮನೆಯ ಮಕ್ರಾನ ಮಾರ್ಬಲ್ ಮೇಲೆ ಮಾಡ್ಬೇಡಿ, ಅದು ಕ್ಯಾಲ್ಸೈಟು, ಪಾಲಿಶ್ ಹೋಗತ್ತೆ.