ಗಾಡಿ ಮಾತು: ಹಳೆ ಮರೀನಾಗೆ ಬೇರೆ ಎಂಜಿನ್ ಹಾಕಿಸಬಹುದಾ?

ಈ ಸಲ ಮೂಡಿಗೆರೆಯಿಂದ ಬಂದ ಒಂದು ಪತ್ರಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ಹಾಸನ, ಚಿಕ್ಕಮಗಳೂರು ಕಡೆ ಹಳೆ ಡೀಸೆಲ್ ಗಾಡಿಗಳು ಇನ್ನೂ ಎಷ್ಟೋ ಮನೆಗಳಲ್ಲಿ ಇವೆ. ಇವತ್ತಲ್ಲ ನಾಳೆ ಆ ಮನೆಗಳಲ್ಲೂ ಇದೇ ಪ್ರಶ್ನೆ ಏಳುತ್ತದೆ.

ಪ್ರಶ್ನೆ: ನಮ್ಮಲ್ಲಿ 2005ರ ಟಾಟಾ ಇಂಡಿಗೊ ಮರೀನಾ ಟರ್ಬೊ ಡೀಸೆಲ್ ಇದೆ. ಅಪ್ಪ ಶೋರೂಮಿನಿಂದ ತಂದ ಗಾಡಿ. ತೋಟದ ಗೊಬ್ಬರದ ಚೀಲ, ಅಜ್ಜಿಯ ಗಾಲಿಕುರ್ಚಿ, ತಂಗಿ ಮದುವೆಯ ಪಾತ್ರೆ ಎಲ್ಲ ಇದರಲ್ಲೇ ಹೋಗಿದ್ದು. ಹೋದ ತಿಂಗಳು ಚಾರ್ಮಾಡಿ ಹತ್ತುವಾಗ ಬಿಸಿಯಾಗಿ ನಿಂತುಬಿಟ್ಟಿತು. ಹೆಡ್ (ಎಂಜಿನ್ನಿನ ಮೇಲಿನ ಭಾಗ) ಬೆಂಡ್ ಆಗಿದೆ, ಒಂದು ಸಿಲಿಂಡರಿನಲ್ಲಿ ಗೀರು ಬಿದ್ದಿದೆ, ಬೋರ್ ಮಾಡಿಸುವ (ಸಿಲಿಂಡರಿನ ಒಳಗೋಡೆ ಕೊರೆದು ನಯ ಮಾಡಿಸುವ) ಬದಲು ಗುಜರಿಯಿಂದ ಇನ್ನೊಂದು ಎಂಜಿನ್ ತಂದು ಕೂರಿಸೋಣ ಅಂತಾರೆ ಮೆಕ್ಯಾನಿಕ್. ಮನೆಯಲ್ಲಿ ಮಾರಿಬಿಡು ಅಂತಾರೆ. ಏನು ಮಾಡಲಿ? — ಮೂಡಿಗೆರೆಯ ಓದುಗರು

ಉತ್ತರ: ಎಂಜಿನ್ ವಿಷಯ ಆಮೇಲೆ ನೋಡೋಣ, ಮೊದಲು ಗಾಡಿಯನ್ನು ಲಿಫ್ಟಿಗೆ ಹಾಕಿಸಿ ಕೆಳಗಿನಿಂದ ನೋಡಿ. ಮಲೆನಾಡಿನ ಮಳೆಗೆ ಎಂಜಿನ್‌ಗಿಂತ ಮೊದಲು ಸಾಯುವುದು ತಗಡು. ಬಾಗಿಲ ಕೆಳಗಿನ ಪಟ್ಟಿ, ಮುಂದಿನ ಸೀಟಿನ ಕೆಳಗಿನ ನೆಲ, ಹಿಂದಿನ ಸಸ್ಪೆನ್ಷನ್ ಕೂರುವ ಜಾಗ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ, ಇಷ್ಟನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಟಣ್ ಅಂದರೆ ಸರಿ. ಪುಡಿ ಉದುರಿದರೆ, ಅದೂ ಸಸ್ಪೆನ್ಷನ್ ಬೋಲ್ಟ್ ಹತ್ತಿರ ಉದುರಿದರೆ, ದಯವಿಟ್ಟು ಎಂಜಿನ್‌ಗೆ ದುಡ್ಡು ಹಾಕಬೇಡಿ. ಎಷ್ಟೇ ಪ್ರೀತಿಯ ಗಾಡಿಯಾದರೂ ಅಜ್ಜಿಯನ್ನು ಕೂರಿಸಿಕೊಂಡು ಹೋಗುವ ಗಾಡಿ ಅಲ್ವಾ?

ಹಾಗೇ ಆರ್‌ಸಿ ತೆಗೆದು ತಾರೀಕು ನೋಡಿ. ಸ್ವಂತ ಕಾರಿನ ಆರ್‌ಸಿ ಮೊದಲ 15 ವರ್ಷ ನಡೆಯುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ ಗಾಡಿ ತೋರಿಸಿ ನವೀಕರಿಸಬೇಕು. ನಿಮ್ಮದು 2005ರದ್ದು, ಅಂದರೆ 2020ರಲ್ಲಿ ಒಮ್ಮೆ, 2025ರಲ್ಲಿ ಇನ್ನೊಮ್ಮೆ ಆಗಿರಬೇಕು. ಆಗಿಲ್ಲದಿದ್ದರೆ ಆ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಿ.

ತಗಡು, ಕಾಗದ ಎರಡೂ ಸರಿ ಇದ್ದರೆ ನನ್ನ ಮಾತು ನೇರ: ಗಾಡಿ ಉಳಿಸಿ. ಮರೀನಾ 2004ರಲ್ಲಿ ಬಂತು. ಆ ಕಾಲದಲ್ಲಿ ಬಲೆನೊ ಆಲ್ಟುರಾ, ಕೋರ್ಸಾ ಸ್ವಿಂಗ್, ಸಿಯೆನಾ ವೀಕೆಂಡ್ ಅಂತ ಉದ್ದ ಡಿಕ್ಕಿಯ ಗಾಡಿಗಳು ಬೇರೆಯೂ ಇದ್ದವು, ನಮ್ಮ ಜನ ಯಾವುದನ್ನೂ ಜಾಸ್ತಿ ಕೊಳ್ಳಲಿಲ್ಲ. ಇವತ್ತು ಹೊಸದಾಗಿ ಕೊಳ್ಳಲು ಹೋದರೆ ಎತ್ತರದ ಎಸ್‌ಯುವಿ ಸಿಗುತ್ತದೆ. ಆದರೆ ಹಿಂದಿನ ಸೀಟು ಮಡಚಿ, ಚೀಲ ಎತ್ತಿ ಹಾಕದೆ ಸೊಂಟದ ಮಟ್ಟದಲ್ಲೇ ತಳ್ಳಿಬಿಡುವ ಸುಖ ಅದರಲ್ಲಿಲ್ಲ. ಸಣ್ಣ ತೋಟದವರಿಗೆ ಇಂಥ ಗಾಡಿ ಎಷ್ಟು ಅನುಕೂಲ ಅಂತ ಇಟ್ಟುಕೊಂಡವರಿಗೇ ಗೊತ್ತು.

ಈಗ ಮುಖ್ಯ ವಿಷಯ. ಹಳೆ ಎಂಜಿನ್ ಯಾಕೆ ಸತ್ತಿತು ಅಂತ ಗೊತ್ತಾಗದೆ ಇನ್ನೊಂದು ಎಂಜಿನ್ ತರಬೇಡಿ. ನಿಮ್ಮ ಪತ್ರದಲ್ಲಿ ಹೆಡ್ ಬೆಂಡ್ ಅಂತ ಇದೆ, ಸಿಲಿಂಡರ್ ಗೀರು ಅಂತ ಇದೆ, ಬಿಸಿ ಯಾಕಾಯಿತು ಅಂತ ಮಾತ್ರ ಇಲ್ಲ. ಹೆಡ್ ತಾನಾಗಿ ಬೆಂಡ್ ಆಗುವುದಿಲ್ಲ. ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು, ಕೂಲಂಟ್ ಬದಲು ವರ್ಷಗಟ್ಟಲೆ ಬಾವಿ ನೀರು ಹಾಕಿದ ಗಾಡಿಗಳಲ್ಲಿ ಇದು ಜಾಸ್ತಿ. ಫ್ಯಾನ್ ಮೋಟರ್ ನಿಧಾನ ಆಗಿರಬಹುದು. ಬಿಸಿ ನೀರನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಉಳಿದಿರಬಹುದು. ರೇಡಿಯೇಟರ್ ಮುಚ್ಚಳದ ಸ್ಪ್ರಿಂಗ್ ಸೋತಿದ್ದರೆ ಒಳಗೆ ಒತ್ತಡ ನಿಲ್ಲುವುದಿಲ್ಲ, ಆಗ ನೀರು ಬೇಗ ಕುದಿಯುತ್ತದೆ. ಇಲಿ ವೈರ್ ಕಡಿದು ಫ್ಯಾನ್ ನಿಂತಿದ್ದೂ ಇರಬಹುದು, ತೋಟದ ಶೆಡ್ಡಿನಲ್ಲಿ ನಿಲ್ಲುವ ಗಾಡಿಗಳಲ್ಲಿ ಇದು ಅಪರೂಪ ಏನಲ್ಲ. ಇವೆಲ್ಲ ಎಂಜಿನ್ನಿನ ಹೊರಗಿನ ಸಾಮಾನು. ಗುಜರಿಯಿಂದ ಬರುವ ಎಂಜಿನ್ ಇದೇ ರೇಡಿಯೇಟರಿಗೆ, ಇದೇ ಫ್ಯಾನಿಗೆ ಬಂದು ಕೂರುತ್ತದೆ. ಕಾರಣ ಹಾಗೇ ಉಳಿದರೆ ಕೊಟ್ಟಿಗೆಹಾರ ಮುಟ್ಟುವ ಮೊದಲೇ ಮತ್ತೆ ಕುದಿಯುತ್ತದೆ.

ಬೋರ್ ಮಾಡಿಸಬೇಕಾ, ಬೇರೆ ಎಂಜಿನ್ ತರಬೇಕಾ? ನಿಮ್ಮದು 1405 ಸಿಸಿ ಎಂಜಿನ್. ಇಂಡಿಕಾ ಡೀಸೆಲ್‌ನಲ್ಲಿ ಇದ್ದದ್ದೂ ಇದೇ ಕುಟುಂಬದ ಎಂಜಿನ್, ಹಾಗಾಗಿ ಕೆಲಸ ಗೊತ್ತಿರುವ ಮೆಕ್ಯಾನಿಕ್ ಊರೂರಲ್ಲಿ ಇದ್ದಾರೆ. ಬ್ಲಾಕ್ (ಎಂಜಿನ್ನಿನ ಮೈ) ಒಡೆದಿಲ್ಲ, ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ಸರಿ ಇದೆ ಅಂತಾದರೆ ನಾನು ಬೋರ್ ಮಾಡಿಸುವ ಕಡೆಗೇ ವಾಲುತ್ತೇನೆ. ಯಾಕೆಂದರೆ ಆ ಎಂಜಿನ್ನಿನ ಚರಿತ್ರೆ ನಿಮಗೆ ಗೊತ್ತು, ಆರ್‌ಸಿಯಲ್ಲಿ ಇರುವ ನಂಬರೇ ಬ್ಲಾಕಿನ ಮೇಲೂ ಇರುತ್ತದೆ. ಕಾಯುವ ದಿನ ಜಾಸ್ತಿ, ಒಳ್ಳೆ ಲೇತ್‌ನವರು ಬೇಕು, ಅದು ನಿಜ. ಬ್ಲಾಕಿನಲ್ಲಿ ಬಿರುಕು ಇದ್ದರೆ ಅಥವಾ ಕ್ರ್ಯಾಂಕ್ ಕೂಡ ಹೋಗಿದ್ದರೆ ಬೇರೆ ಎಂಜಿನ್ನೇ ಸರಿ. ಮೆಕ್ಯಾನಿಕ್ಕಿಗೆ ಸಲೀಸು ಅನ್ನುವ ಒಂದೇ ಕಾರಣಕ್ಕೆ ತೀರ್ಮಾನ ಮಾಡಬೇಡಿ.

ಬೇರೆ ಎಂಜಿನ್ ತರುವುದೇ ಆದರೆ ನಿಮ್ಮದೇ ತರಹದ್ದು ತನ್ನಿ. ಇಂಡಿಗೊ ಟರ್ಬೊ ಡೀಸೆಲ್‌ನದ್ದು ಸರಿ. ಟರ್ಬೊ ಇಲ್ಲದ ಇಂಡಿಕಾ ಎಂಜಿನ್ ನೋಡಲು ಅಣ್ಣತಮ್ಮನ ಹಾಗೆ ಇರುತ್ತದೆ, ಅಗ್ಗಕ್ಕೂ ಸಿಗುತ್ತದೆ. ಆದರೆ ಡೀಸೆಲ್ ಪಂಪಿನ ಸೆಟ್ಟಿಂಗ್ ಬೇರೆ, ಟರ್ಬೊಗೆ ಆಯಿಲ್ ಹೋಗುವ ಬರುವ ದಾರಿಯನ್ನೆಲ್ಲ ಹೊಂದಿಸಿಕೊಳ್ಳಬೇಕು. ಡೈಕಾರ್ ಅಂತ ಬರೆದಿರುವ ಎಂಜಿನ್ ಕಾಮನ್ ರೈಲ್, ಅಂದರೆ ಡೀಸೆಲ್ ಬಿಡುವುದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ, ಅದಕ್ಕೆ ಇಸಿಯು (ಆ ಕಂಪ್ಯೂಟರ್), ಪೂರ್ತಿ ವೈರಿಂಗ್, ಬೇರೆ ಪೆಡಲ್ ಎಲ್ಲ ಬೇಕು. ಸುಮ್ನೆ ತಲೆನೋವು ತಂದುಕೊಳ್ಳಬೇಡಿ.

ಬೆಂಗಳೂರಿನ ಶಿವಾಜಿನಗರಕ್ಕೆ ಹೋಗಿ, ಇಲ್ಲೇ ಹಾಸನದ ಗುಜರಿಗೆ ಹೋಗಿ, ಎಂಜಿನ್ ಇನ್ನೂ ಗಾಡಿಯ ಮೇಲೇ ಇದ್ದರೆ ಸ್ಟಾರ್ಟ್ ಮಾಡಿಸಿ ನೋಡುವುದು ಎಲ್ಲಕ್ಕಿಂತ ಒಳ್ಳೆಯದು. ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೀವು ಹೋಗುವ ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಅನುಮಾನ ಪಡಿ. ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದರೆ ಹೊಗೆ ಗುಪ್ಪೆಂದು ಹೊಡೆಯಬಾರದು, ಹೊಡೆದರೆ ರಿಂಗ್ ಹೋಗಿದೆ. ಮುಚ್ಚಳದ ಒಳಗೆ ಕಾಫಿ ಬಣ್ಣದ ಕೆನೆ ಕಂಡರೆ ಆಯಿಲ್‌ಗೆ ನೀರು ಸೇರುತ್ತಿರಬಹುದು. ಕೆಳಗಿಟ್ಟಿರುವ ಎಂಜಿನ್ ಆದರೆ ಕ್ರ್ಯಾಂಕ್ ಪುಲ್ಲಿಯನ್ನು ಸ್ಪ್ಯಾನರ್‌ನಿಂದ ಪೂರ್ತಿ ಎರಡು ಸುತ್ತು ತಿರುಗಿಸಿ, ಎಲ್ಲೂ ಕಚ್ಚಬಾರದು. ಕಂಪ್ರೆಷನ್ ಗೇಜ್ ಹಾಕಿಸಲು ಒಪ್ಪಿದರೆ ನಾಲ್ಕು ಸಿಲಿಂಡರಿನ ಅಂಕಿ ಬರೆದುಕೊಳ್ಳಿ. ಇಂಥ ಡೀಸೆಲ್‌ನಲ್ಲಿ 400 ಪಿಎಸ್‌ಐ ಆಸುಪಾಸು ಬಂದರೆ ಖುಷಿ ಪಡಿ. ಅದಕ್ಕಿಂತ ಮುಖ್ಯ, ನಾಲ್ಕೂ ಒಂದಕ್ಕೊಂದು ಹತ್ತಿರ ಇರಬೇಕು. ಒಂದರಲ್ಲಿ ಮಾತ್ರ ತೀರಾ ಕಡಿಮೆ ಬಂದರೆ ಆ ಎಂಜಿನ್ ಬಿಟ್ಟು ಬನ್ನಿ.

ಎಂಜಿನ್ ಹೊರಗಿರುವಾಗ ಮಾಡಬೇಕಾದ ಕೆಲಸಗಳನ್ನು ಆಗಲೇ ಮಾಡಿಸಿ. ಇದರಲ್ಲಿ ಚೌಕಾಸಿ ಬೇಡ. ಹೊಸ ಟೈಮಿಂಗ್ ಬೆಲ್ಟ್ ಮತ್ತು ಟೆನ್ಷನರ್ ಹಾಕಲೇಬೇಕು, ಈ ಎಂಜಿನ್ನಿನಲ್ಲಿ ಓಡುವಾಗ ಬೆಲ್ಟ್ ಕಡಿದರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಹೊಡೆಯುತ್ತದೆ, ತಂದ ಎಂಜಿನ್ನೂ ಹೋಯಿತು ಅಂತಲೇ. ಬೆಲ್ಟ್ ಎಷ್ಟು ಓಡಿದೆ ಅಂತ ಗುಜರಿಯವರು ಏನು ಹೇಳಿದರೂ ನಂಬಬೇಡಿ, ಅವರಿಗೂ ಗೊತ್ತಿರುವುದಿಲ್ಲ. ವಾಟರ್ ಪಂಪ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್, ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಎಂಜಿನ್ ಮೌಂಟ್, ಎಲ್ಲ ಹೋಸ್‌ಪೈಪ್ ಕೂಡ ಹೊಸದು. ಆ ಸೀಲ್ ಆಮೇಲೆ ಸೋರಿದರೆ ಅದೊಂದಕ್ಕಾಗಿ ಮತ್ತೆ ಗೇರ್‌ಬಾಕ್ಸ್ ಇಳಿಸಬೇಕು. ಎಸಿ ಕಂಪ್ರೆಸರನ್ನು ಪೈಪ್ ಬಿಚ್ಚದೆ ಬೋಲ್ಟ್ ಮಾತ್ರ ತೆಗೆದು ಪಕ್ಕಕ್ಕೆ ಕಟ್ಟಿಸಿದರೆ ಗ್ಯಾಸ್ ಉಳಿಯುತ್ತದೆ.

ಟರ್ಬೊ ಬಗ್ಗೆ ಒಂದು ಮಾತು. ಮೊದಲ ಸಲ ಸ್ಟಾರ್ಟ್ ಮಾಡುವಾಗ ಡೀಸೆಲ್ ಪಂಪಿನ ಸ್ಟಾಪ್ ಸೊಲೆನಾಯ್ಡ್ (ಡೀಸೆಲ್ ತಡೆಯುವ ಸ್ವಿಚ್) ವೈರ್ ತೆಗೆದು, ಆಯಿಲ್ ದೀಪ ಆರುವವರೆಗೆ ಸೆಲ್ಫ್ ಅನ್ನು ಬಿಟ್ಟುಬಿಟ್ಟು ಹೊಡೆಸಿ. ಆಯಿಲ್ ಮೇಲೆ ಬರುವ ಮೊದಲೇ ಎಂಜಿನ್ ಎತ್ತಿಕೊಂಡರೆ ಟರ್ಬೊ ಬೇರಿಂಗ್ ಒಣಗಿಯೇ ತಿರುಗುತ್ತದೆ. ಹಳೆ ಟರ್ಬೊ ಆಯಿಲ್ ಬಿಟ್ಟಿದ್ದರೆ ಅಲ್ಲಿಂದ ಎಂಜಿನ್ನಿಗೆ ಗಾಳಿ ಹೋಗುವ ಪೈಪುಗಳನ್ನೆಲ್ಲ ತೊಳೆಸಿ. ಅಲ್ಲಿ ನಿಂತ ಆಯಿಲನ್ನು ಎಂಜಿನ್ ಎಳೆದುಕೊಂಡರೆ ಕೀ ತೆಗೆದರೂ ನಿಲ್ಲದೆ ಓಡುತ್ತದೆ.

ಪ್ರಶ್ನೆ: ನನ್ನ ಹತ್ತಿರವೂ ಮರೀನಾ ಇದೆ. ಅದಕ್ಕೆ ಸ್ವಿಫ್ಟ್‌ನ 1.3 ಡೀಸೆಲ್ ಎಂಜಿನ್ ಹಾಕಿದರೆ ಮೈಲೇಜ್, ಪಿಕಪ್ ಎರಡೂ ಬರುತ್ತದಂತೆ. ಹೌದಾ? — ಅರಸೀಕೆರೆಯ ಓದುಗರು

ಉತ್ತರ: ಎಂಜಿನ್ ಒಳ್ಳೆಯದೇ, 1248 ಸಿಸಿ, ಫಿಯೆಟ್‌ನವರದ್ದು. ಟಾಟಾದವರೂ ಕ್ವಾಡ್ರಾಜೆಟ್ ಅನ್ನುವ ಹೆಸರಿನಲ್ಲಿ ವಿಸ್ಟಾಗೆ ಹಾಕಿದ್ದರು. ಆದರೆ ನಿಮ್ಮ ಮರೀನಾಗೆ ಬೇಡ. ಮೌಂಟ್, ಗೇರ್‌ಬಾಕ್ಸ್, ಡ್ರೈವ್‌ಶಾಫ್ಟ್, ವೈರಿಂಗ್, ಇಸಿಯು, ಕೀಯಲ್ಲಿರುವ ಇಮ್ಮೊಬಿಲೈಸರ್ ಎಲ್ಲ ಬೇರೆ. ವೆಲ್ಡಿಂಗ್ ಮಾಡಿ ಕೂರಿಸುವವರು ಸಿಗುತ್ತಾರೆ, ಆಮೇಲೆ ಅದನ್ನು ರಿಪೇರಿ ಮಾಡುವವರು ಸಿಗುವುದಿಲ್ಲ. ಅದರ ಮೇಲೆ ಆರ್‌ಸಿಯಲ್ಲಿ 1405 ಅಂತ ಇದ್ದು ಬಾನೆಟ್ ಕೆಳಗೆ 1248 ಇದ್ದರೆ ಕಾನೂನಿನ ಪ್ರಕಾರ ತಪ್ಪು. ಅಪಘಾತ ಆದ ದಿನ ವಿಮೆ ಕಂಪನಿಯವರು ಮೊದಲು ನೋಡುವುದೇ ಅದನ್ನು.

ಪ್ರಶ್ನೆ: ಅದೇ ಮಾಡೆಲ್ ಎಂಜಿನ್ ಹಾಕಿಸಿದರೂ ಆರ್‌ಟಿಒಗೆ ಹೇಳಬೇಕಾ? ನಮ್ಮಲ್ಲಿ ಯಾರೂ ಹೇಳುವುದಿಲ್ಲ. — ಸಕಲೇಶಪುರದ ಓದುಗರು

ಉತ್ತರ: ಹೇಳಲೇಬೇಕು. ಆರ್‌ಸಿಯಲ್ಲಿ ಎಂಜಿನ್ ನಂಬರ್ ಇದೆ, ಎಂಜಿನ್ ಬದಲಾದರೆ ಅದೂ ಬದಲಾಯಿತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದರ ಬಗ್ಗೆಯೇ ಇದೆ. ಬದಲಾವಣೆ ಆದ 14 ದಿನದೊಳಗೆ ಆರ್‌ಸಿ ಸಮೇತ ತಿಳಿಸಬೇಕು ಅಂತ ಅದರಲ್ಲಿ ಹೇಳಿದೆ. ನನ್ನ ಸಲಹೆ, ಎಂಜಿನ್ ಇಳಿಸುವ ಮೊದಲೇ ಹೋಗಿ ಬರಹದಲ್ಲಿ ಅನುಮತಿ ಕೇಳಿ. ನಿಮ್ಮ ಗಾಡಿ ಕೆಎ-46 ಆದರೆ ಸಕಲೇಶಪುರದಲ್ಲೇ ಕೆಲಸ ಆಗುತ್ತದೆ. ಕೆಎ-13 ಆದರೆ ಹಾಸನ, ಕೆಎ-18 ಆದರೆ ಚಿಕ್ಕಮಗಳೂರು. ಸಾಲ ಇದ್ದರೆ ಸಾಲ ಕೊಟ್ಟವರ ಒಪ್ಪಿಗೆ ಪತ್ರವೂ ಬೇಕು.

ಗುಜರಿಯಲ್ಲಿ ದುಡ್ಡು ಕೊಡುವ ಮೊದಲು ಎಂಜಿನ್ ನಂಬರ್ ಬರೆದ ಬಿಲ್, ಆ ಎಂಜಿನ್ ಯಾವ ಗಾಡಿಯದ್ದೋ ಅದರ ಆರ್‌ಸಿ ಜೆರಾಕ್ಸ್ ಕೈಗೆ ತೆಗೆದುಕೊಳ್ಳಿ. ಬ್ಲಾಕಿನ ಮೇಲಿನ ನಂಬರನ್ನು ನೀವೇ ಒರೆಸಿ ಓದಿ, ಫೋಟೊ ತೆಗೆದುಕೊಳ್ಳಿ. ಉಜ್ಜಿದ ಗುರುತು, ಮತ್ತೆ ಒತ್ತಿದ ಅಂಕಿ ಕಂಡರೆ ಮುಟ್ಟಬೇಡಿ. ಅದು ಕಳ್ಳ ಗಾಡಿಯದ್ದಾಗಿದ್ದರೆ ಸ್ಟೇಷನ್ ಮೆಟ್ಟಿಲು ಹತ್ತುವವರು ನೀವು. ಯಾರೂ ಹೇಳುವುದಿಲ್ಲ ಅಂತೀರಿ, ಅವರೆಲ್ಲ ಗಾಡಿ ಮಾರುವ ದಿನ ಅಥವಾ ಆರ್‌ಸಿ ನವೀಕರಿಸುವ ದಿನ ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿದಾಗ ಒದ್ದಾಡುತ್ತಾರೆ. ಹೊಸ ಆರ್‌ಸಿ ಬಂದ ಮೇಲೆ ವಿಮೆಯಲ್ಲೂ ನಂಬರ್ ತಿದ್ದಿಸಿ.

ಪ್ರಶ್ನೆ: ನಮ್ಮ ತಾತನ ಟಾಟಾ ಎಸ್ಟೇಟ್ ಕಾರು ಶೆಡ್ಡಿನಲ್ಲಿ ನಿಂತಿದೆ. ಎಂಜಿನ್ ಕಚ್ಚಿಕೊಂಡಿದೆ. ಅದಕ್ಕೆ ಈಗ ಎಂಜಿನ್ ಸಿಗುತ್ತಾ? — ಬೇಲೂರಿನ ಓದುಗರು

ಉತ್ತರ: ಸಿಗುತ್ತದೆ, ಹುಡುಕಬೇಕು. 1991ರ ಸಿಯೆರಾ, 1992ರ ಎಸ್ಟೇಟ್, 1994ರ ಸುಮೊ, ಈ ಮೂರರಲ್ಲೂ ಬಂದಿದ್ದು 1948 ಸಿಸಿ ಡೀಸೆಲ್ ಎಂಜಿನ್. ಸುಮೊ ನಮ್ಮ ಕಡೆ ಎಷ್ಟು ಓಡಿದೆ ಅಂತ ನಿಮಗೇ ಗೊತ್ತು, ಹಾಗಾಗಿ ಹಳೆ ಸುಮೊ ಎಂಜಿನ್ ಮೇಲೆ ಕಣ್ಣಿಡಿ. ಸಂಪ್, ಮೌಂಟಿನ ಬ್ರಾಕೆಟ್, ಫಿಲ್ಟರ್ ಕೂರುವ ಜಾಗ ಹೊಂದದಿದ್ದರೆ ನಿಮ್ಮ ಹಳೆ ಎಂಜಿನ್‌ನಿಂದ ಬಿಚ್ಚಿ ಹಾಕಬೇಕಾಗುತ್ತದೆ, ಆದ್ದರಿಂದ ಹಳೆಯದನ್ನು ಕೆಲಸ ಮುಗಿಯುವವರೆಗೂ ತೂಕಕ್ಕೆ ಹಾಕಬೇಡಿ. ಅದಕ್ಕೂ ಮೊದಲು, ನಿಂತು ನಿಂತು ಕಚ್ಚಿಕೊಂಡ ಎಂಜಿನ್ ಪೂರ್ತಿ ಹೋಗಿದೆ ಅಂತ ತಿಳಿಯಬೇಡಿ. ಹೀಟರ್ ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಡೀಸೆಲ್, ಆಯಿಲ್ ಬೆರೆಸಿ ಸ್ವಲ್ಪ ಸ್ವಲ್ಪ ಬಿಟ್ಟು ಕೆಲವು ದಿನ ನೆನೆಯಲು ಬಿಡಿ. ಆಮೇಲೆ ಪ್ಲಗ್ ಇಲ್ಲದೆಯೇ ಪುಲ್ಲಿ ಬೋಲ್ಟ್‌ನಿಂದ ಹಿಂದೆ ಮುಂದೆ ನಿಧಾನ ಆಡಿಸಿ. ಸೆಲ್ಫ್ ಹೊಡೆದು ಬಿಡಿಸಲು ಹೋಗಬೇಡಿ. ಬಿಟ್ಟುಕೊಂಡಿತು ಅಂತಾದರೆ ಖರ್ಚು ಎಷ್ಟೋ ಇಳಿಯಿತು. ಆ ಗಾಡಿ ಈಗ ಕಣ್ಣಿಗೆ ಬೀಳುವುದೇ ಅಪರೂಪ, ದಯವಿಟ್ಟು ಗುಜರಿಗೆ ಕೊಡಬೇಡಿ.

ಪ್ರಶ್ನೆ: ಎಂಜಿನ್ ಬದಲಿಸಿ ಆಯಿತು. ನಾಳೆಯೇ ಶಿರಾಡಿ ಇಳಿದು ಮಂಗಳೂರಿಗೆ ಹೋಗಬಹುದಾ? — ಹಾಸನದ ಓದುಗರು

ಉತ್ತರ: ನಾಳೆ ಬೇಡ. ಇಳಿಯುವುದು ಸುಲಭ, ವಾಪಸ್ ಬರುವಾಗ ಗುಂಡ್ಯದಿಂದ ಹತ್ತುವುದೇ ಕಷ್ಟ. ಮೊದಲು ಊರೊಳಗೆ, ಆಮೇಲೆ ಹಳೇಬೀಡೋ ಚನ್ನರಾಯಪಟ್ಟಣವೋ ಹೋಗಿ ಬನ್ನಿ. ಪ್ರತಿ ಸಲ ಬಂದ ಮೇಲೆ ತಣ್ಣಗಾಗಲು ಬಿಟ್ಟು ಕೂಲಂಟ್ ನೋಡಿ. ಒಳಗೆ ಸಿಕ್ಕಿಕೊಂಡ ಗಾಳಿ ಹೊರಬರುತ್ತಾ ಮಟ್ಟ ಸ್ವಲ್ಪ ಇಳಿಯುವುದು ಸಹಜ, ತುಂಬಿಸಿ. ದಿನಾ ಇಳಿಯುತ್ತಿದ್ದರೆ ಸೋರಿಕೆ ಇದೆ ಅಂತ ಅರ್ಥ. ಗಾಡಿ ನಿಲ್ಲಿಸಿ ಎಂಜಿನ್ ಓಡಲು ಬಿಟ್ಟು, ಫ್ಯಾನ್ ತಾನಾಗಿ ಶುರುವಾಗಿ ತಾನಾಗಿ ನಿಲ್ಲುತ್ತದೆಯಾ ಅಂತ ಕಣ್ಣಾರೆ ನೋಡಿ. ಬೋರ್ ಮಾಡಿಸಿದ ಎಂಜಿನ್ ಆದರೆ ಮೊದಲ 1000 ಕಿಲೋಮೀಟರ್ ಜಾಸ್ತಿ ಭಾರ ಹಾಕಬೇಡಿ, ಒಂದೇ ವೇಗದಲ್ಲಿ ತುಂಬಾ ಹೊತ್ತು ಓಡಿಸಬೇಡಿ, ಆಮೇಲೆ ಆಯಿಲ್, ಫಿಲ್ಟರ್ ಎರಡೂ ಬದಲಿಸಿ. ಮೌಂಟ್ ಬೋಲ್ಟ್, ಡ್ರೈವ್‌ಶಾಫ್ಟ್ ನಟ್ಟುಗಳನ್ನು ಅದೇ ಮೆಕ್ಯಾನಿಕ್ ಹತ್ತಿರ ಒಮ್ಮೆ ಬಿಗಿ ನೋಡಿಸಿ. ಇಷ್ಟಾದ ಮೇಲೆ ಶಿರಾಡಿಗೆ ಹೊರಡಿ. ಹತ್ತುವಾಗ ಕೆಳಗಿನ ಗೇರಿನಲ್ಲಿ ಎಂಜಿನ್ನನ್ನು ಸ್ವಲ್ಪ ವೇಗವಾಗಿಯೇ ತಿರುಗಲು ಬಿಡಿ. ಟೆಂಪರೇಚರ್ ಮುಳ್ಳು ಮಧ್ಯ ದಾಟಿ ಏರಲು ಶುರುವಾದರೆ ಅಗಲ ಇರುವ ಕಡೆ ಪಕ್ಕಕ್ಕೆ ಹಾಕಿ. ರೇಡಿಯೇಟರ್ ಮುಚ್ಚಳಕ್ಕೆ ಮಾತ್ರ ಪೂರ್ತಿ ತಣ್ಣಗಾಗುವವರೆಗೆ ಕೈ ಹಾಕಬೇಡಿ.